ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ನಮಸ್ಕಾರಗಳು.

ನಿಮ್ಮ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಸಂಶೋಧನೆಯಲ್ಲಿ ಅಂಕಿಅಂಶ ತಿದ್ದಲಾಗಿದೆ ಎಂದು ನಾಳೆ ಬೆಳಿಗ್ಗೆ ನಿಮಗೊಂದು ದೂರು ಬಂತು ಅಂದುಕೊಳ್ಳಿ. ಅವತ್ತು ಸಂಜೆಯೊಳಗೆ ನಿಮ್ಮ ಕಚೇರಿ ಏನು ಮಾಡುತ್ತದೆ? ಅದನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಗೈಡ್ ಆಗಿರುವವನು. ಇಂಥ ದೂರುಗಳು ಹುಟ್ಟುವುದನ್ನೂ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಹೋಗುವುದನ್ನೂ ಹತ್ತಿರದಿಂದ ನೋಡಿದ್ದೇನೆ. ಎಲ್ಲಕ್ಕಿಂತ ಮೊದಲು ಕೇಳಿಬರುವ ಮಾತು, "ಇದನ್ನು ಕೊಟ್ಟಿದ್ದು ಯಾರು?" ಅವರು ಯಾರ ಕಡೆಯವರು, ಪ್ರಮೋಷನ್ ತಪ್ಪಿದ ಸಿಟ್ಟಾ, ಹಿಂದೆ ನಿಂತು ಆಡಿಸುತ್ತಿರುವವರು ಯಾರು. ಇದನ್ನೆಲ್ಲ ವಿಚಾರಿಸುವಷ್ಟರಲ್ಲಿ ವಾರಗಳು ಉರುಳಿರುತ್ತವೆ. ಅಷ್ಟರೊಳಗೆ ಲ್ಯಾಬಿನ ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಆಗಿರುತ್ತದೆ. ನೋಟ್‌ಬುಕ್ಕಿನ ಕೆಲವು ಹಾಳೆ ಕಾಣೆಯಾಗಿರುತ್ತವೆ. ದೂರು ಕೊಟ್ಟವರ ಹೆಸರು ಮಾತ್ರ ಕ್ಯಾಂಟೀನ್‌ನಲ್ಲೂ ಓಡಾಡುತ್ತಿರುತ್ತದೆ.

ಆ ಮೊದಲ ಪ್ರಶ್ನೆಯನ್ನು ಬದಲಾಯಿಸಿ ಎನ್ನುವುದೇ ನನ್ನ ಬೇಡಿಕೆ. "ಮೂಲ ಡೇಟಾ ಎಲ್ಲಿದೆ?" ಎಂದು ಕೇಳಿ. ದೂರು ಕೊಟ್ಟವರಿಗೆ ಹಳೇ ದ್ವೇಷ ಇರಬಹುದು. ಇದ್ದರೂ ಸುಳ್ಳು ಡೇಟಾ ನಿಜವಾಗುವುದಿಲ್ಲ. ದೂರು ಕೊಟ್ಟವರು ತುಂಬಾ ಒಳ್ಳೆಯವರೇ ಇರಬಹುದು. ಡೇಟಾ ಸರಿ ಇದ್ದರೆ ಆರೋಪ ಹೊತ್ತವರು ತಲೆ ಎತ್ತಿ ಓಡಾಡಬೇಕು. ಎರಡೂ ಸಂದರ್ಭದಲ್ಲಿ ಉತ್ತರ ಸಿಗುವುದು ಕಡತದಲ್ಲಿ, ನೋಟ್‌ಬುಕ್ಕಿನಲ್ಲಿ, ಹಾರ್ಡ್ ಡಿಸ್ಕಿನಲ್ಲಿ.

ನಮ್ಮ ದೇಶದ್ದೇ ಒಂದು ಪ್ರಕರಣ ನೆನಪಿಸುತ್ತೇನೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿಶ್ವಜಿತ್ ಗುಪ್ತ ಎಂಬ ಭೂವಿಜ್ಞಾನ ಪ್ರಾಧ್ಯಾಪಕರಿದ್ದರು. ಹಿಮಾಲಯದಲ್ಲಿ ಸಿಕ್ಕಿದ್ದು ಎಂದು ಹೇಳಿ ಪಳೆಯುಳಿಕೆಗಳ ಬಗ್ಗೆ ಮುನ್ನೂರಕ್ಕೂ ಜಾಸ್ತಿ ಪ್ರಬಂಧ ಪ್ರಕಟಿಸಿದ್ದರು. ದೇಶ ವಿದೇಶದ ನೂರಕ್ಕೂ ಹೆಚ್ಚು ಜನ ಸಹಲೇಖಕರು. 1989ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಇದೆಲ್ಲ ನಂಬುವಂಥದ್ದಲ್ಲ ಎಂದು ಬರೆದರು. ಹಿಮಾಲಯದ್ದು ಎಂದು ತೋರಿಸಿದ ಕೆಲವು ಕಾನೊಡಾಂಟ್‌ಗಳು, ಅಂದರೆ ಹಲ್ಲಿನಂಥ ಪುಟ್ಟ ಪಳೆಯುಳಿಕೆಗಳು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಕ್ರೀಕ್ ಎಂಬಲ್ಲಿ ಸಿಗುವಂಥವೇ ಆಗಿದ್ದವು. ಇನ್ನು ಕೆಲವು, ಮೊರಾಕ್ಕೋದಿಂದ ಬಂದು ಪಳೆಯುಳಿಕೆ ಅಂಗಡಿಗಳಲ್ಲಿ ಮಾರಾಟವಾಗುವಂಥವು.

ಇಲ್ಲಿ ಒಂದು ವಿಷಯ ಗಮನಿಸಿ. ಎಷ್ಟೋ ಪ್ರಬಂಧಗಳಲ್ಲಿ ಕಲ್ಲು ಸಿಕ್ಕ ಜಾಗದ ವಿವರವೇ ಸರಿಯಾಗಿರಲಿಲ್ಲ. ಸಹಲೇಖಕರಲ್ಲಿ ಬಹಳ ಜನ ಗುಪ್ತ ಅವರು ಕೊಟ್ಟ ಮಾದರಿಗಳನ್ನು ನಂಬಿ ಕೆಲಸ ಮಾಡಿದವರು. ಆ ಜಾಗಕ್ಕೆ ಕಾಲಿಟ್ಟವರಲ್ಲ. "ಈ ಕಲ್ಲನ್ನು ಎಲ್ಲಿ ಎತ್ತಿಕೊಂಡಿರಿ, ಬನ್ನಿ ತೋರಿಸಿ" ಎಂದು ವಿಭಾಗದಲ್ಲಿ ಯಾರಾದರೂ ಶುರುವಿನಲ್ಲೇ ಪಟ್ಟು ಹಿಡಿದಿದ್ದರೆ ಸಾಕಿತ್ತು. ಆ ಪ್ರಶ್ನೆ ಬರಲು ಇಪ್ಪತ್ತೈದು ವರ್ಷ ಹಿಡಿಯಿತು.

ಆಮೇಲೆ ಆಗಿದ್ದು ಇನ್ನೂ ನೋವು ಕೊಡುವಂಥದ್ದು. ವಿಚಾರಣೆ ಎಳೆದುಕೊಂಡು ಹೋಯಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ವಿಚಾರಣೆಯಲ್ಲಿ ತಪ್ಪು ಸಾಬೀತಾದದ್ದು 1994ರಲ್ಲಿ. ಅಷ್ಟಾದರೂ ಕೆಲಸದಿಂದ ತೆಗೆಯಲಿಲ್ಲ. ಸಣ್ಣಪುಟ್ಟ ದಂಡನೆಯ ನಂತರ ಅವರು ಪ್ರಾಧ್ಯಾಪಕರಾಗಿಯೇ ಮುಂದುವರಿದು ನಿವೃತ್ತರಾದರು. ಆ ಪ್ರಬಂಧಗಳಲ್ಲಿ ಬಹುಪಾಲು ವಾಪಸ್ ಪಡೆಯದೆ ಹಾಗೆಯೇ ಉಳಿದವು. ಹಿಮಾಲಯದ ಶಿಲಾಪದರಗಳ ವಯಸ್ಸು ಲೆಕ್ಕ ಹಾಕಲು ಆ ಪ್ರಬಂಧಗಳನ್ನೇ ನೆಚ್ಚಿಕೊಂಡ ಪ್ರಾಮಾಣಿಕ ಭೂವಿಜ್ಞಾನಿಗಳ ಶ್ರಮಕ್ಕೆ ಯಾರು ಉತ್ತರ ಕೊಡಬೇಕು? ಅದು ಒಬ್ಬ ವ್ಯಕ್ತಿಯ ತಪ್ಪಿನಿಂದ ಶುರುವಾಯಿತು, ನಿಜ. ಆದರೆ ಅದನ್ನು ಅಷ್ಟು ದೊಡ್ಡದಾಗಲು ಬಿಟ್ಟಿದ್ದು ಒಂದು ವಿಶ್ವವಿದ್ಯಾಲಯ.

"ಈಗ ಕಾಲ ಬದಲಾಗಿದೆ, ಯುಜಿಸಿ ನಿಯಮ ಇದೆ" ಎಂದು ನೀವು ಹೇಳಬಹುದು. ಇದೆ. 2018ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಕೃತಿಚೌರ್ಯ ತಡೆಯಲು ನಿಯಮಾವಳಿ ತಂದಿತು. ಬೇರೆಯವರ ಬರಹದ ಜೊತೆ ಶೇ 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ. ಪಿಎಚ್‌ಡಿ ಪ್ರಬಂಧದಲ್ಲಿ ಶೇ 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. ಶೇ 60 ದಾಟಿದರೆ ನೋಂದಣಿಯೇ ರದ್ದು. ವಿಭಾಗ ಮಟ್ಟದಲ್ಲಿ ಒಂದು ಸಮಿತಿ, ಸಂಸ್ಥೆಯ ಮಟ್ಟದಲ್ಲಿ ಇನ್ನೊಂದು ಸಮಿತಿ, ಒಂದೊಂದಕ್ಕೂ 45 ದಿನದ ಗಡುವು. ಸಂಸ್ಥೆಯ ಸಮಿತಿಯಲ್ಲಿ ಹೊರಗಿನವರೊಬ್ಬರು ಇರಲೇಬೇಕು. ಕಾಗದದ ಮೇಲೆ ಇದು ಒಳ್ಳೆಯ ಹೆಜ್ಜೆ.

ಆದರೆ ಈ ನಿಯಮ ಮಾತಾಡುವುದು ಕದ್ದ ಬರಹದ ಬಗ್ಗೆ. ಹುಟ್ಟುಹಾಕಿದ ಡೇಟಾ ಬಗ್ಗೆ ಅಲ್ಲ, ತಿದ್ದಿದ ಡೇಟಾ ಬಗ್ಗೆಯೂ ಅಲ್ಲ. ಇದರ ಪರಿಣಾಮ ಏನು ಎಂದು ಒಂದು ಉದಾಹರಣೆ ಕೊಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬೇರೆ ಕಡೆಯ ಒಬ್ಬ ವಿದ್ಯಾರ್ಥಿನಿ ತನ್ನದೇ ಲ್ಯಾಬಿನಿಂದ ಪ್ರಕಟವಾಗಿದ್ದ ಪ್ರಬಂಧವೊಂದನ್ನು ನನ್ನ ಮುಂದೆ ಇಟ್ಟಳು. ಅದರಲ್ಲೊಂದು ಚಿತ್ರ. ಎಡಗಡೆ ಪ್ರೋಟೀನ್ ಪಟ್ಟಿಗಳ, ಅಂದರೆ ಪ್ರಯೋಗದಲ್ಲಿ ಪ್ರೋಟೀನ್ ಇರುವ ಕಡೆ ಮೂಡುವ ಗೆರೆಗಳ, ಒಂದು ಸಾಲು, ಬಲಗಡೆ ಇನ್ನೊಂದು ಸಾಲು. ಎರಡೂ ಬೇರೆ ಬೇರೆ ಪ್ರಯೋಗ ಎಂದು ಕೆಳಗೆ ಬರೆದಿತ್ತು. ಅವಳು ಲ್ಯಾಪ್‌ಟಾಪ್‌ನಲ್ಲಿ ಬಲಗಡೆಯದ್ದನ್ನು ಎಡಬಲ ತಿರುಗಿಸಿ ಎಡಗಡೆಯದ್ದರ ಮೇಲೆ ಕೂರಿಸಿದಳು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಒಂದು ಪಟ್ಟಿಯ ಪಕ್ಕದಲ್ಲಿದ್ದ ಧೂಳಿನ ಕಲೆ ಕೂಡ ಎರಡರಲ್ಲೂ ಅದೇ ಜಾಗದಲ್ಲಿತ್ತು. ಸಾಫ್ಟ್‌ವೇರ್ ಆ ಪ್ರಬಂಧದ ಬರಹಕ್ಕೆ ಕೊಟ್ಟಿದ್ದ ಹೋಲಿಕೆ ಶೇ 10ಕ್ಕಿಂತ ಕಡಿಮೆ. ಅಂದರೆ ನಿಯಮದ ಪ್ರಕಾರ ಎಲ್ಲ ಸರಿ! "ಇದನ್ನ ಹೇಳಿದ್ರೆ ನನ್ನ ಥೀಸಿಸ್ ಗತಿ ಏನು ಸರ್?" ಎಂದು ಕೇಳಿದಳು. ಆ ಪ್ರಬಂಧದ ಹಿರಿಯ ಲೇಖಕರೇ ಅವಳ ಗೈಡ್. ಅವರ ಸಹಿ ಇಲ್ಲದೆ ಅವಳ ಫೆಲೋಶಿಪ್ ಹಣ ಬರುವುದಿಲ್ಲ, ಪ್ರಬಂಧ ಸಲ್ಲಿಕೆಯಾಗುವುದಿಲ್ಲ. ದೂರು ಕೊಡಬೇಕಾದ ವಿಭಾಗದ ಮುಖ್ಯಸ್ಥರು ಗೈಡ್ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಅವಳು ದೂರು ಕೊಡಲಿಲ್ಲ. ಕೊಡಬೇಕಿತ್ತು ಎಂದು ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ದೂರು ಕೊಟ್ಟರೂ ಅವಳ ಪಿಎಚ್‌ಡಿಗೆ ಏನೂ ಆಗುವುದಿಲ್ಲ ಎನ್ನುವ ಒಂದೇ ಒಂದು ಸಾಲು ಆ ವಿಶ್ವವಿದ್ಯಾಲಯದ ನಿಯಮದಲ್ಲಿ ಇರಲಿಲ್ಲವಲ್ಲ.

ಡೇಟಾ ಅಂದಾಗ ಬರೀ ವಿಜ್ಞಾನದ ಲ್ಯಾಬು ಕಣ್ಣಮುಂದೆ ಬರಬಾರದು. ಸಮಾಜಶಾಸ್ತ್ರದಲ್ಲೋ ವಾಣಿಜ್ಯದಲ್ಲೋ ಮುನ್ನೂರು ಜನರ ಸಮೀಕ್ಷೆ ಎಂದಿರುತ್ತದೆ. ತುಂಬಿದ ಪ್ರಶ್ನಾವಳಿಗಳ ಕಟ್ಟು ಬಿಚ್ಚಿ ನೋಡಿದ್ದೀರಾ? ಒಂದೇ ಪೆನ್ನು, ಒಂದೇ ಅಕ್ಷರ, ಒಂದೇ ಒತ್ತಿನ ಟಿಕ್ ಮಾರ್ಕು ಇದ್ದರೆ ಅದು ಹಳ್ಳಿಯಲ್ಲಿ ತುಂಬಿದ್ದಲ್ಲ, ಹಾಸ್ಟೆಲ್ ರೂಮಿನಲ್ಲಿ ತುಂಬಿದ್ದು. ಜಾನಪದದ ಪ್ರಬಂಧದಲ್ಲಿ ವಕ್ತೃವಿನ ಹೆಸರು, ಊರು, ವಯಸ್ಸು ಇರುತ್ತದೆ. ಆ ಹಾಡಿನ ರೆಕಾರ್ಡಿಂಗ್ ಎಲ್ಲಿದೆ? ಮಂಟೇಸ್ವಾಮಿ ಕಾವ್ಯವನ್ನೋ ಮಲೆ ಮಹದೇಶ್ವರನ ಕಥೆಯನ್ನೋ ನೀಲಗಾರರಿಂದ, ದೇವರಗುಡ್ಡರಿಂದ ಕೇಳಿ ಬರೆದೆ ಅಂದವರು ಆ ಧ್ವನಿಯನ್ನು ವಿಭಾಗದಲ್ಲಿ ಇಡಬೇಕು ಅಲ್ವಾ? ಇನ್ನು ಇಂಗ್ಲಿಷ್ ಪ್ರಬಂಧವನ್ನು ಹಾಗೇ ಕನ್ನಡಕ್ಕೆ ಇಳಿಸಿ ತನ್ನದು ಎಂದುಕೊಂಡರೆ, ಪದಕ್ಕೆ ಪದ ಹೋಲಿಸುವ ಸಾಫ್ಟ್‌ವೇರ್‌ಗೆ ಅದು ಸಿಗುವುದು ಕಷ್ಟ. ಅದನ್ನು ಹಿಡಿಯಬೇಕಾದವರು ಓದುವ ಗೈಡ್, ಓದುವ ಪರೀಕ್ಷಕರು. ಶೇಕಡಾವಾರು ವರದಿಯ ಮೊದಲ ಪುಟ ನೋಡಿ ಸಹಿ ಹಾಕುವ ಅಭ್ಯಾಸ ಬಿಡಬೇಕು.

ನೋಟ್‌ಬುಕ್ಕಿನ ವಿಷಯ ಸಣ್ಣದು ಅನ್ನಿಸಬಹುದು. ಫ್ರಾನ್ಸೆಸ್ ಆರ್ನಾಲ್ಡ್ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. 2020ರ ಜನವರಿಯಲ್ಲಿ ಅವರು 'ಸೈನ್ಸ್' ಪತ್ರಿಕೆಯಲ್ಲಿ ಬಂದಿದ್ದ ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಪ್ರಯೋಗ ಮತ್ತೆ ಮಾಡಿದಾಗ ಫಲಿತಾಂಶ ಬರಲಿಲ್ಲ. ಮೊದಲ ಲೇಖಕರ ನೋಟ್‌ಬುಕ್ ತೆರೆದು ನೋಡಿದರೆ ಮುಖ್ಯ ಪ್ರಯೋಗಗಳ ಬರಹವೂ ಮೂಲ ಡೇಟಾವೂ ಇರಲಿಲ್ಲ. ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಅವರ ಗೌರವ ಇದರಿಂದ ಕಡಿಮೆಯಾಯಿತಾ? ನನ್ನ ಕಣ್ಣಲ್ಲಿ ಜಾಸ್ತಿಯಾಯಿತು. ಪುಟಕ್ಕೆ ನಂಬರ್ ಇರುವ, ಬೈಂಡ್ ಮಾಡಿದ, ದಿನಾಂಕ ಹಾಕಿ ಪೆನ್ನಿನಲ್ಲೇ ಬರೆಯುವ ನೋಟ್‌ಬುಕ್ಕನ್ನು ವಿಶ್ವವಿದ್ಯಾಲಯವೇ ಕೊಟ್ಟರೆ ಎಷ್ಟು ಖರ್ಚಾದೀತು? ತಪ್ಪಾದ ರೀಡಿಂಗನ್ನು ಒಂದು ಗೆರೆ ಎಳೆದು ಹೊಡೆದುಹಾಕಬೇಕು, ವೈಟ್ನರ್ ಹಚ್ಚಬಾರದು, ಕರೆಂಟ್ ಹೋಗಿ ಪ್ರಯೋಗ ಕೆಟ್ಟಿದ್ದರೆ ಅದನ್ನೂ ಬರೆಯಬೇಕು. ಇದನ್ನು ಕೋರ್ಸ್‌ವರ್ಕಿನ ಮೊದಲ ವಾರದಲ್ಲೇ ಹೇಳಿಕೊಡಬಹುದು. ಪ್ರಾಮಾಣಿಕವಾಗಿ ಕೆಲಸ ಮಾಡಿದವರ ಮೇಲೆ ಸುಳ್ಳು ದೂರು ಬಂದ ದಿನ ಅವರನ್ನು ಕಾಪಾಡುವುದು ಇದೇ ನೋಟ್‌ಬುಕ್ಕು.

ಈಗ ವಿಚಾರಣೆಯ ಮಾತಿಗೆ ಬರುತ್ತೇನೆ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ.

ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆ ಸಾಮಾನ್ಯ ಸಂಸ್ಥೆಯಲ್ಲ. ವೈದ್ಯಕೀಯ ನೊಬೆಲ್ ಯಾರಿಗೆ ಎಂದು ತೀರ್ಮಾನಿಸುವುದು ಅಲ್ಲಿನ ಪ್ರಾಧ್ಯಾಪಕರು. ಅಲ್ಲಿ ಪಾವೊಲೊ ಮಾಕಿಯಾರಿನಿ ಎಂಬ ಶಸ್ತ್ರಚಿಕಿತ್ಸಕರು 2011ರಿಂದ ರೋಗಿಗಳಿಗೆ ಪ್ಲಾಸ್ಟಿಕ್ಕಿನ ಶ್ವಾಸನಾಳ ಜೋಡಿಸಿದರು. ಅದು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಪ್ರಬಂಧ ಬರೆದರು. ರೋಗಿಗಳು ನರಳುತ್ತಿದ್ದರು, ಒಬ್ಬೊಬ್ಬರೇ ಸತ್ತರು. 2014ರಲ್ಲಿ ಅಲ್ಲಿನ ನಾಲ್ವರು ವೈದ್ಯರೇ ರೋಗಿಗಳ ಕಡತವನ್ನು ಪ್ರಬಂಧದ ಜೊತೆ ಹೋಲಿಸಿ ದೂರು ಕೊಟ್ಟರು. ಸಂಸ್ಥೆ ಹೊರಗಿನ ತಜ್ಞ ಬೆಂಗ್ಟ್ ಗರ್ಡಿನ್ ಅವರನ್ನು ತನಿಖೆಗೆ ನೇಮಿಸಿತು. 2015ರ ಮೇ ತಿಂಗಳಲ್ಲಿ ಅವರು ಸಂಶೋಧನಾ ವಂಚನೆ ನಡೆದಿದೆ ಎಂದು ವರದಿ ಕೊಟ್ಟರು. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಕುಲಪತಿ ಆಂಡರ್ಸ್ ಹಾಮ್‌ಸ್ಟೆನ್ ವಂಚನೆ ನಡೆದಿಲ್ಲ ಎಂದು ತೀರ್ಪು ಕೊಟ್ಟುಬಿಟ್ಟರು. ರೋಗಿಗಳ ಕಡತ ನೋಡಿದಿರಿ ಎಂದು ಆ ವೈದ್ಯರ ಮೇಲೇ ಆರೋಪ ಬಂತು. 2016ರ ಜನವರಿಯಲ್ಲಿ ಸ್ವೀಡನ್ ಟಿವಿಯಲ್ಲಿ ಸಾಕ್ಷ್ಯಚಿತ್ರ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಫೆಬ್ರುವರಿಯಲ್ಲಿ ಕುಲಪತಿ ರಾಜೀನಾಮೆ ಕೊಟ್ಟರು. 2018ರಲ್ಲಿ ಸಂಸ್ಥೆಯೇ ವಂಚನೆ ಆಗಿದೆ ಎಂದು ಒಪ್ಪಿಕೊಂಡಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾಕಿಯಾರಿನಿ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ಸ್ವೀಡನ್ ಇದರಿಂದ ಕಲಿತಿತು. 2020ರ ಜನವರಿಯಿಂದ ಗಂಭೀರ ದೂರುಗಳನ್ನು ವಿಶ್ವವಿದ್ಯಾಲಯಗಳು ತಾವೇ ತೀರ್ಮಾನಿಸುವಂತಿಲ್ಲ. ಅದಕ್ಕೆಂದೇ ಒಂದು ರಾಷ್ಟ್ರೀಯ ಮಂಡಳಿ ಇದೆ. ನಮ್ಮಲ್ಲಿ ಅಂಥ ಶಾಸನಬದ್ಧ ಸಂಸ್ಥೆ ಇಲ್ಲ. ದೆಹಲಿಯಲ್ಲಿ 1986ರಲ್ಲಿ ಹಿರಿಯ ವಿಜ್ಞಾನಿಗಳು ಸೇರಿ ಸೊಸೈಟಿ ಫಾರ್ ಸೈಂಟಿಫಿಕ್ ವ್ಯಾಲ್ಯೂಸ್ ಕಟ್ಟಿದರು, ಒಳ್ಳೆಯ ಕೆಲಸ ಮಾಡಿದರು, ಆದರೆ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ಭಾರ ಬೀಳುವುದು ನಿಮ್ಮ ಮೇಲೆಯೇ. ನಿಮ್ಮ ವಿಶ್ವವಿದ್ಯಾಲಯದ ಹೆಸರು, ಗ್ರಾಂಟು, ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡು ಎಲ್ಲ ಒಂದು ಕಡೆ, ಸತ್ಯ ಇನ್ನೊಂದು ಕಡೆ ಇರುವಾಗ ನೀವೇ ತೀರ್ಪು ಕೊಡಬೇಕು. ಎಷ್ಟೇ ಒಳ್ಳೆಯ ಮನುಷ್ಯರಿಗೂ ಅದು ಕಷ್ಟ. ಅದಕ್ಕೇ ಹೊರಗಿನವರನ್ನು ಕರೆಯಿರಿ ಎನ್ನುತ್ತಿದ್ದೇನೆ, ಸುಮ್ನೆ ಸಹಿಗೊಬ್ಬರು ಅಂತಲ್ಲ. ಆ ವಿಷಯ ಬಲ್ಲವರು, ಆರೋಪ ಹೊತ್ತವರ ಜೊತೆ ಪ್ರಬಂಧ ಬರೆಯದವರು, ಅವರ ವಿದ್ಯಾರ್ಥಿಯ ವೈವಾಕ್ಕೆ ಬಂದು ಹೋಗದವರು ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಂಥ (ವಿಟಿಯು) ಕಡೆ ಪಿಎಚ್‌ಡಿ ಕೆಲಸ ಸಂಯೋಜಿತ ಕಾಲೇಜುಗಳ ಸಂಶೋಧನಾ ಕೇಂದ್ರಗಳಲ್ಲಿ ನಡೆಯುತ್ತದೆ. ಅಲ್ಲಿ ಗೈಡ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಎಲ್ಲರೂ ಒಂದೇ ಆಡಳಿತ ಮಂಡಳಿಯ ಸಂಬಳದವರು. ಅಂಥ ಕಡೆಯ ದೂರು ನೇರವಾಗಿ ವಿಶ್ವವಿದ್ಯಾಲಯಕ್ಕೆ ಬರಲು ದಾರಿ ಇರಬೇಕು.

ಸರಿಯಾಗಿ ಮಾಡಿದವರೂ ಇದ್ದಾರೆ. ನೆದರ್ಲೆಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾಲಯದಲ್ಲಿ ಡಿಡೆರಿಕ್ ಸ್ಟಾಪೆಲ್ ಮನಃಶಾಸ್ತ್ರದ ದೊಡ್ಡ ಹೆಸರು, ಡೀನ್ ಕೂಡ. 2011ರ ಬೇಸಿಗೆಯಲ್ಲಿ ಅವರದೇ ವಿಭಾಗದ ಮೂವರು ಕಿರಿಯ ಸಂಶೋಧಕರು ಡೇಟಾ ನಕಲಿ ಎಂದು ಮುಖ್ಯಸ್ಥರಿಗೆ ಹೇಳಿದರು. ಸೆಪ್ಟೆಂಬರ್‌ನಲ್ಲಿ ಸ್ಟಾಪೆಲ್ ಅಮಾನತಾದರು. ಅಕ್ಟೋಬರ್ ಕೊನೆಗೆ ಮಧ್ಯಂತರ ವರದಿ ಹೊರಬಂತು. ಅವರು ಹಿಂದೆ ಕೆಲಸ ಮಾಡಿದ್ದ ಆಮ್‌ಸ್ಟರ್‌ಡ್ಯಾಮ್ ಮತ್ತು ಗ್ರೋನಿಂಗೆನ್ ವಿಶ್ವವಿದ್ಯಾಲಯಗಳೂ ಸಮಿತಿ ಮಾಡಿ ಕೈಜೋಡಿಸಿದವು. 2012ರ ನವೆಂಬರ್‌ನಲ್ಲಿ ಅಂತಿಮ ವರದಿ ಬಂತು: 55 ಪ್ರಕಟಣೆಗಳಲ್ಲಿ ವಂಚನೆ, ವಿದ್ಯಾರ್ಥಿಗಳ 10 ಪಿಎಚ್‌ಡಿ ಪ್ರಬಂಧಗಳಲ್ಲೂ ಅವರ ನಕಲಿ ಡೇಟಾ. ವಿದ್ಯಾರ್ಥಿಗಳಿಗೆ ಡೇಟಾ ಕೊಟ್ಟಿದ್ದು ಸ್ಟಾಪೆಲ್ಲೇ. ಅವರಿಗೆ ಮೋಸ ಗೊತ್ತಿರಲಿಲ್ಲ ಎಂದು ಸಮಿತಿ ಸ್ಪಷ್ಟವಾಗಿ ಹೇಳಿತು. ಇಡೀ ವರದಿ ಯಾರು ಬೇಕಾದರೂ ಓದುವಂತೆ ಬಹಿರಂಗವಾಯಿತು. ಸಹಲೇಖಕರು, ಪತ್ರಿಕೆಗಳ ಸಂಪಾದಕರು, ಆ ಇಡೀ ಕ್ಷೇತ್ರ ಎಲ್ಲಿ ಕಣ್ಣು ಮುಚ್ಚಿಕೊಂಡಿತ್ತು ಎನ್ನುವುದನ್ನೂ ಅದರಲ್ಲಿ ಬರೆದಿದ್ದರು. ನಮ್ಮಲ್ಲಿ ವಿಚಾರಣಾ ವರದಿ ಅಂದರೆ ಸೀಲ್ ಹಾಕಿದ ಲಕೋಟೆ. ಸಿಂಡಿಕೇಟ್ ಮುಂದೆ ಬಂದು ಹಾಗೇ ಕಪಾಟು ಸೇರುತ್ತದೆ. ಆರೋಪ ಸುಳ್ಳಾಗಿದ್ದರೂ ಆ ವ್ಯಕ್ತಿಯ ಮೇಲಿನ ಕಳಂಕ ಹಾಗೇ ಉಳಿಯುತ್ತದೆ, ಯಾಕೆಂದರೆ ನಿರ್ದೋಷಿ ಎಂದು ಬರೆದದ್ದನ್ನೂ ಯಾರೂ ಓದಿರುವುದಿಲ್ಲ.

ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಿಂದ 2020ರ ಅಕ್ಟೋಬರ್‌ನಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಪ್ರಬಂಧವೊಂದು ಬಂತು. ಅದರ ಚಿತ್ರಗಳ ಬಗ್ಗೆ ಓದುಗ ವಿಜ್ಞಾನಿಗಳು ಅನುಮಾನ ಎತ್ತಿದರು. ಸಂಸ್ಥೆ ತನಿಖೆ ಮಾಡಿತು. 2021ರ ಮಧ್ಯಭಾಗದಲ್ಲಿ ಪ್ರಬಂಧ ವಾಪಸಾಯಿತು. ಯಾರ ಹೊಣೆ ಎಷ್ಟು ಎನ್ನುವ ಚರ್ಚೆ ಆಮೇಲೂ ನಡೆಯಿತು, ನಡೆಯಲೇಬೇಕು. ಆದರೆ ಒಂದು ವರ್ಷದೊಳಗೆ ದಾಖಲೆ ಸರಿಯಾಯಿತು ಎನ್ನುವುದು ದೊಡ್ಡ ಮಾತು. ನಮ್ಮ ಊರಲ್ಲಿ ಇದು ಆಗದ ಕೆಲಸ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ.

ಇತ್ತೀಚೆಗೆ ಒಂದು ಹೊಸ ಭಯ ಸೇರಿಕೊಂಡಿದೆ. ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡುವ 2025ರ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಿಂದ ವಾಪಸ್ ಪಡೆದ ಪ್ರಬಂಧಗಳಿಗೆ ಅಂಕ ಕಳೆಯುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ರ‍್ಯಾಂಕ್ ಬೀಳುತ್ತದೆ ಎಂದು ತಪ್ಪನ್ನು ಮುಚ್ಚಿಡುವ ಆಸೆ ಹುಟ್ಟಬಹುದು. ದಯವಿಟ್ಟು ಆ ಆಸೆಗೆ ಬೀಳಬೇಡಿ. ತಾನಾಗಿಯೇ ತಪ್ಪು ಕಂಡುಕೊಂಡು ಪ್ರಬಂಧ ಹಿಂದಕ್ಕೆ ಪಡೆದ ಅಧ್ಯಾಪಕರನ್ನು ಬೈಯಬೇಡಿ, ಅವರ ಬೆನ್ನಿಗೆ ನಿಲ್ಲಿ. ಹಾಗೆಯೇ ಪ್ರಬಂಧಗಳ ಸಂಖ್ಯೆ ಎಣಿಸಿ ಪ್ರಮೋಷನ್ ಕೊಡುವುದು ನಿಲ್ಲಬೇಕು. 2023ರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಪ್ರಬಂಧ ವಾಪಸಾದವು. ಅದರಲ್ಲಿ 8,000ಕ್ಕೂ ಜಾಸ್ತಿ ಒಂದೇ ಪ್ರಕಾಶನ ಸಂಸ್ಥೆ ಹಿಂದಾವಿಯ ಪತ್ರಿಕೆಗಳವು. ದುಡ್ಡು ಕೊಟ್ಟು ಹೆಸರು ಸೇರಿಸಿಕೊಳ್ಳುವ ವ್ಯಾಪಾರ ಬೆಳೆದಿದ್ದು ಈ ಎಣಿಕೆಯಿಂದಲೇ. ಪಿಎಚ್‌ಡಿಗೆ ಮುಂಚೆ ಪ್ರಬಂಧ ಪ್ರಕಟಿಸಲೇಬೇಕು ಎನ್ನುವ ಷರತ್ತನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಆ ಷರತ್ತನ್ನು ಇನ್ನೂ ಉಳಿಸಿಕೊಂಡಿರುವ ವಿಶ್ವವಿದ್ಯಾಲಯಗಳು ಮತ್ತೊಮ್ಮೆ ಯೋಚಿಸಲಿ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮುಂದಿನ ವಿದ್ಯಾವಿಷಯಕ ಪರಿಷತ್ತಿನ ಅಜೆಂಡಾದಲ್ಲಿ ಇದನ್ನು ಸೇರಿಸಿ. ಡೇಟಾ ಹುಟ್ಟುಹಾಕುವುದು, ಡೇಟಾ ತಿದ್ದುವುದು ಕೃತಿಚೌರ್ಯದಷ್ಟೇ ಅಪರಾಧ ಎಂದು ನಿಮ್ಮದೇ ನಿಯಮದಲ್ಲಿ ಬರೆಯಿರಿ. ದೂರು ಮೇಲ್ನೋಟಕ್ಕೆ ಗಟ್ಟಿ ಎನಿಸಿದ ದಿನವೇ ನೋಟ್‌ಬುಕ್, ಹಾರ್ಡ್ ಡಿಸ್ಕ್, ಉಪಕರಣದ ಫೈಲುಗಳ ಪ್ರತಿಯನ್ನು ರಸೀದಿ ಕೊಟ್ಟು ವಶಕ್ಕೆ ಪಡೆಯುವ ಅಧಿಕಾರ ಒಬ್ಬ ಅಧಿಕಾರಿಗೆ ಇರಲಿ. ಆರೋಪ ಹೊತ್ತವರಿಗೆ ಆರೋಪ ಏನೆಂದು ಲಿಖಿತವಾಗಿ ತಿಳಿಸಿ, ಉತ್ತರ ಕೊಡಲು ಸಮಯ ಕೊಡಿ, ತೀರ್ಮಾನ ಆಗುವವರೆಗೆ ಅವರ ಹೆಸರು ಪತ್ರಿಕೆಗೆ ಹೋಗದಂತೆ ನೋಡಿಕೊಳ್ಳಿ. ದೂರು ಕೊಟ್ಟವರು ವಿದ್ಯಾರ್ಥಿಯಾಗಿದ್ದರೆ ವಾರದೊಳಗೆ ಬೇರೆ ಗೈಡ್ ಕೊಡಿ, ಫೆಲೋಶಿಪ್ ನಿಲ್ಲದಂತೆ ಕುಲಸಚಿವರೇ ಸಹಿ ಹಾಕಲಿ. ಹೆಸರಿಲ್ಲದ ದೂರು ಬಂದರೂ ಅದರಲ್ಲಿ ಪುಟ, ಚಿತ್ರ, ಕೋಷ್ಟಕದ ನಂಬರ್ ಇದ್ದರೆ ತೆರೆದು ನೋಡಿ. 45 ದಿನ ಅಂದರೆ 45 ದಿನವೇ ಆಗಲಿ. ತೀರ್ಮಾನ ಏನೇ ಬರಲಿ, ಅದನ್ನು ಕಾರಣಗಳ ಸಮೇತ ಪ್ರಕಟಿಸಿ. ತಪ್ಪು ಸಾಬೀತಾದರೆ ಆ ಪತ್ರಿಕೆಯ ಸಂಪಾದಕರಿಗೆ ವಿಶ್ವವಿದ್ಯಾಲಯವೇ ಪತ್ರ ಬರೆಯಲಿ.

ಇದರಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ಸರ್ಕಾರದ ಅನುದಾನಕ್ಕೆ ಕಾಯಬೇಕಿಲ್ಲ. ನಿಮ್ಮ ಸಂಸ್ಥೆಯ ಸಮಿತಿಯಲ್ಲಿ ಈಗ ಯಾರ‍್ಯಾರಿದ್ದಾರೆ, ಹೊರಗಿನ ಸದಸ್ಯರು ಯಾರು, ದೂರನ್ನು ಯಾವ ವಿಳಾಸಕ್ಕೆ ಕಳಿಸಬೇಕು, ಇಷ್ಟನ್ನಾದರೂ ಈ ತಿಂಗಳೊಳಗೆ ಪ್ರತಿ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ. ಹಾಕಿಸಿದ ಕುಲಪತಿಗಳಿಗೆ ನನ್ನ ಮುಂಗಡ ಕೃತಜ್ಞತೆಗಳು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಂಶೋಧನಾ ಮಾರ್ಗದರ್ಶಕ